ರಾಣಿಗೆ ಹಲ್ಲು ಬಿದ್ದ ಕಾಲ

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಹಲ್ಲಪ್ಪನವರ ಕೈಯಲ್ಲಿ ಬೇರೆ ಯಾರದೋ ಒಸಡಿತ್ತು. ಮೇಣದ ಒಸಡು. ಸ್ಪಿರಿಟ್ ದೀಪದ ಉರಿಗೆ ಚಾಕುವಿನ ತುದಿಯನ್ನು ಹಿಡಿದು ಕಾಯಿಸಿ, ಗುಲಾಬಿ ಮೇಣವನ್ನು ಸವರಿ, ಹಲ್ಲುಗಳ ಬುಡವನ್ನು ತೀಡುತ್ತಿದ್ದರು.

ಹಲ್ಲಪ್ಪ ಎಂಬುದು ಅವರ ಹೆಸರಲ್ಲ. ಊರಿನ ಬೋಳುಬಾಯಿಗಳಿಗೆಲ್ಲ ಹಲ್ಲು ಕಟ್ಟಿಕೊಟ್ಟದ್ದಕ್ಕೆ ಬಂದ ಬಿರುದು. ತಂದೆ ಇಟ್ಟ ಹೆಸರು ಅಂಗಡಿಯ ಬೋರ್ಡಿನ ಮೇಲೆ ಬಿಸಿಲಿಗೆ ಮಾಸಿಹೋಗಿ, ಈಗ ಅಲ್ಲಿ ನಗುವ ಬಾಯಿಯ ಚಿತ್ರವೊಂದೇ ಉಳಿದಿದೆ. ಅವರ ಕೈಗೆ ಸದಾ ಮೇಣವೋ ಪ್ಲಾಸ್ಟರೋ ಮೆತ್ತಿಕೊಂಡಿರುವುದರಿಂದ ಫೋನು ಬಂದರೆ ಸ್ಪೀಕರ್ ಒತ್ತುವುದು ಗಿಲೀಟಿನ ಕೆಲಸ. ಗಿಲೀಟು ಅವರ ಜೊತೆ ಬಹಳ ವರ್ಷಗಳಿಂದ ದುಡಿಯುವವನು. ಕಟ್ಟಿದ ಹಲ್ಲಿಗೆ ಹೊಳಪು ಕೊಡುವುದು ಅವನ ಪಾಲಿನ ಕೆಲಸ. ತನ್ನ ಮಾತಿಗೂ ಹಾಗೇ ಹೊಳಪು ಕೊಡುತ್ತಾನೆ.

ಅಂದೂ ಅವನೇ ಒತ್ತಿದ.

"ಮಾವ," ಎಂದಿತು ಅಕ್ಕನ ಮಗಳ ದನಿ. "ಮಾವ, ಅಮ್ಮ ಹೋಗ್ಬಿಟ್ಳು. ಕಾಫಿ ಕೊಡೋಣ ಅಂತ ಎಬ್ಬಿಸಿದ್ರೆ ಏಳಲೇ ಇಲ್ಲ. ಡಾಕ್ಟ್ರು ಬಂದು ನೋಡಿದ್ರು, ನಿದ್ದೇಲೇ ಹೋಗಿದಾರೆ ಅಂದ್ರು. ಸಂಜೆ ತನಕ ಇಟ್ಕೊಂಡಿರ್ತೀವಿ. ನೀವು ಬನ್ನಿ ಮಾವ."

ಹಲ್ಲಪ್ಪನವರ ಕಣ್ಣು ತಾನಾಗಿಯೇ ಎದುರಿನ ಕಪಾಟಿನ ಮೇಲಿನ ಹಲಗೆಗೆ ಹೋಯಿತು. ಅಲ್ಲಿ ಒದ್ದೆ ಬಟ್ಟೆಯ ಕೆಳಗೆ ಅಕ್ಕನ ಬಾಯಿಯ ಅಚ್ಚು ಕೂತಿತ್ತು. ಮೇಣದಲ್ಲಿ ಹಲ್ಲು ಜೋಡಿಸಿಯಾಗಿತ್ತು. ಅಕ್ಕನನ್ನು ಕರೆಸಿ, ಕುರ್ಚಿಯಲ್ಲಿ ಕೂರಿಸಿ, ಆ ಮೇಣದ ಸೆಟ್ಟನ್ನು ಬಾಯಿಗಿಟ್ಟು, "ಸಾವಿರ ಸಾಸಿವೆ ಅನ್ನು ನೋಡೋಣ" ಎಂದು ಹೇಳಿಸಿ ನೋಡುವುದೊಂದು ಬಾಕಿ ಇತ್ತು. ಆ ಕರೆಯನ್ನು ಇಂದು, ನಾಳೆ ಎಂದು ತಳ್ಳುತ್ತಾ ಬಂದಿದ್ದರು. ಹೊರಗಿನ ಗಿರಾಕಿಗಳು ಬಾಗಿಲಲ್ಲಿ ನಿಂತು ಜಗಳವಾಡುತ್ತಾರೆ, ಅಕ್ಕ ಜಗಳವಾಡುವವಳಲ್ಲ. ಮನೆಯವರದು ತಾನೇ, ಆದೀತು ಎಂದು ಬಟ್ಟೆ ಒಣಗಿದಾಗಲೆಲ್ಲ ನೀರು ಚಿಮುಕಿಸಿ ಮುಚ್ಚಿಡುತ್ತಿದ್ದರು.

"ಯಜಮಾನ್ರೇ, ನೀವು ಹೊರಡಿ. ನಾನು ಶಟರ್ ಎಳೀತೀನಿ," ಎಂದ ಗಿಲೀಟು.

"ಬೇಡ," ಎಂದರು ಹಲ್ಲಪ್ಪನವರು. "ದೊಡ್ಡ ಪಾತ್ರೇಲಿ ನೀರು ಕಾಯಿಸು. ಅಕ್ಕನ ಸೆಟ್ಟು ಮುಗಿಸ್ಬೇಕು."

"ಈಗ್ಲಾ? ಯಾರಿಗೆ ಯಜಮಾನ್ರೇ?"

"ಅಕ್ಕಂಗೆ. ಹಾಗೇ ಕಳಿಸ್ಲೇನೋ ಅವಳನ್ನ, ಬರಿಬಾಯಲ್ಲಿ?"

ಗಿಲೀಟು ನೀರಿಟ್ಟ.

ಮೇಣದ ಸೆಟ್ಟನ್ನು ಹಿತ್ತಾಳೆ ಡಬ್ಬಿಯೊಳಗೆ ಪ್ಲಾಸ್ಟರಿನಲ್ಲಿ ಹೂತು, ಅದು ಗಟ್ಟಿಯಾಗಲು ಬಿಟ್ಟು, ಬಿಸಿನೀರಿನಲ್ಲಿ ಮೇಣವನ್ನು ಕರಗಿಸಿ ತೆಗೆದು, ಖಾಲಿಯಾದ ಜಾಗಕ್ಕೆ ಒಸಡಾಗುವ ಗುಲಾಬಿ ಹಿಟ್ಟನ್ನು ತುಂಬಿ, ಬಿಗಿದು ಬೇಯಿಸಬೇಕು. ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಬೆಂದ ಮೇಲೆ ಒಮ್ಮೆಲೇ ತಣ್ಣೀರಿಗೆ ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ. ಕೈಗೆ ಕೆಲಸ ಗೊತ್ತಿತ್ತು. ಮನಸ್ಸಿಗೆ ಮಾಡಲು ಏನೂ ಇರಲಿಲ್ಲ. ಬಿಡುವಾದ ಮನಸ್ಸು ಎಲ್ಲಿಗೆ ಹೋಗಬಾರದೆಂದು ಅವರು ಬಯಸಿದ್ದರೋ ಅಲ್ಲಿಗೇ ಹೋಯಿತು.

ಅವರಿಗೆ ಹಾಲುಹಲ್ಲಿದ್ದ ಕಾಲ. ಅಕ್ಕನಿಗೂ ಅವರಿಗೂ ಒಟ್ಟಿಗೇ ಅಂಟುಜಾಡ್ಯ ಬಡಿದು, ಮನೆಯವರು ಇಬ್ಬರನ್ನೂ ಮಾಳಿಗೆಯ ಕೋಣೆಗೆ ಹಾಕಿದ್ದರು. ಕೋಣೆಗೆ ಒಂದೇ ಕಿಟಕಿ. ಕಿಟಕಿಯಲ್ಲಿ ಒಂದು ಕಾರ್ಖಾನೆಯ ಚಿಮಣಿ, ಅದರ ಹೊಗೆ, ಹೊಗೆಯ ಆಚೆಗೆ ಕಂಡೂ ಕಾಣದ ಗುಡ್ಡ. ಅಕ್ಕ ಮಲಗಿದಲ್ಲಿಂದಲೇ ಆ ಗುಡ್ಡದ ಹಿಂದೆ ಒಂದು ನಾಡು ಕಟ್ಟಿದಳು. ಹೊಗೆಯಾಚೆ ನಾಡು. ಅಲ್ಲಿ ಒಬ್ಬ ರಾಣಿ, ಹಿಂದಕ್ಕೆ ಹರಿಯುವ ಒಂದು ಹೊಳೆ, ಮನುಷ್ಯರಿಗೆ ಹೆದರುವ ಹುಲಿಗಳು. ನಾಡಿದ್ದ ಮೇಲೆ ನುಡಿ ಬೇಡವೇ? ಅದನ್ನೂ ಕಟ್ಟಿದಳು.

ಬಾಯಿಗೆ ಬಂದದ್ದನ್ನು ಹೇಳಿ ಇದೇ ಮಾತು ಎನ್ನುವ ಆಟವಲ್ಲ ಅದು. ಅಕ್ಕನ ಲೆಕ್ಕದಲ್ಲಿ ಯಾವ ಮಾತೂ ಆಕಾಶದಿಂದ ಬೀಳುವುದಿಲ್ಲ. ಪ್ರತಿ ಮಾತಿಗೂ ಒಬ್ಬ ತಾಯಿ ಇರಬೇಕು, ಒಬ್ಬಳು ಅಜ್ಜಿ ಇರಬೇಕು. ಗಾಳಿಗೆ ಸೆಲೊ, ಬಾಯಿಗೆ ಕಾತ. ಮನೆಗೆ ಗಾಳಿ ಬರುವ ಬಾಯಿ ಯಾವುದು? ಬಾಗಿಲು. ಅದಕ್ಕೇ ಬಾಗಿಲು ಸೆಲೊಕಾತ. ದಿನಾ ಹೇಳಿ ಹೇಳಿ ಅದು ಸವೆದು ಸೆಲ್ಕಾತ ಆಯಿತು. ನೀರು ನೂ, ಪಾದ ಕೆಬ. ಒಮ್ಮೆ ನೀರಿನ ಹೂಜಿಯನ್ನು ಬೀಳಿಸಿದ ತಮ್ಮ ಹಾಸಿಗೆ ಸೇರಿ, "ನಾನಲ್ಲ" ಎಂದು ಗೊರಕೆ ಹೊಡೆದ. ಹಾಸಿಗೆಯವರೆಗೂ ಒದ್ದೆ ಹೆಜ್ಜೆ ಸಾಲಾಗಿ ಬಂದಿತ್ತು. ಅಂದಿನಿಂದ ಆ ನಾಡಿನಲ್ಲಿ ತಪ್ಪಿಗೆ ನೂಕೆಬ ಎಂದೇ ಹೆಸರು. ಒದ್ದೆ ಕಾಲು. ಅದೂ ಸವೆದು ನುಕ್ಕೆ ಆಯಿತು.

ಸವೆಯುವುದಕ್ಕೂ ಒಂದು ಕಟ್ಟಳೆಯಿತ್ತು. ಬೇಕೆಂದು ಮಾತನ್ನು ಮುರಿಯುವ ಹಾಗಿಲ್ಲ. ಬಾಯಲ್ಲಿ ಉರುಳಿ ಉರುಳಿ ಅದಾಗಿಯೇ ಸವೆದರೆ ಮಾತ್ರ ಬದಲಾವಣೆ. ಬರೆದಿಡುವ ಹಾಗೂ ಇಲ್ಲ. "ಬರೆದ್ರೆ ಕಲ್ಲಾಗ್ಬಿಡತ್ತೆ ಕಣೋ. ಆಮೇಲೆ ಸವೆಯೋದು ಹೇಗೆ?" ಎನ್ನುತ್ತಿದ್ದಳು ಅಕ್ಕ.

ಜಾಡ್ಯ ಬಿಟ್ಟು ಕೆಳಗಿಳಿದರು. ತಮ್ಮನ ಮುಂದಿನ ಹಲ್ಲುಗಳು ಬಿದ್ದವು. ಮನೆಗೆ ಬಂದ ನೆಂಟರ ಎದುರು ಅವನು ಏನೋ ಹೇಳಹೋಗಿ, ಸಕಾರವೆಲ್ಲ ಗಾಳಿಯಾಗಿ ಹೊರಟಿತು. ಜಗಲಿಗೆ ಜಗಲಿಯೇ ನಕ್ಕಿತು. ಚಿಕ್ಕಪ್ಪನಂತೂ, "ಇನ್ನೊಂದು ಸಲ ಹೇಳೋ, ಬೀಸಣಿಗೆ ಬೇಡ, ತಂಪಾಗಿದೆ," ಎಂದರು. ಹುಡುಗ ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಊಟಕ್ಕೆ ಕರೆದರೂ ತಲೆ ಅಲ್ಲಾಡಿಸುವುದೇ.

ಮರುದಿನ ಅಕ್ಕ ಅವನ ಪಕ್ಕದಲ್ಲಿ ಕೂತು ಗುಟ್ಟಿನ ದನಿಯಲ್ಲಿ ಹೇಳಿದಳು: "ಹೊಗೆಯಾಚೆ ನಾಡಲ್ಲಿ ಏನಾಯ್ತು ಗೊತ್ತಾ? ರಾಣಿಗೆ ಹಲ್ಲು ಬಿದ್ದೋಯ್ತು. ಪಾಪ, ಸೆಲೊ ಅನ್ನೋಕೆ ಹೋದ್ರೆ ಹೆಲೊ ಅಂತ ಬರತ್ತೆ. ರಾಣಿಗೆ ಬೇಜಾರಾಗಬಾರದು ಅಂತ ಇಡೀ ನಾಡೇ ಹೆಲೊ ಅನ್ನೋಕೆ ಶುರು ಮಾಡಿದೆ. ಇವತ್ತಿಂದ ನಮ್ಮ ಮಾತಲ್ಲಿ ಸಕಾರ ಇಲ್ಲ."

ಇಲ್ಲವೆಂದರೆ ಇಲ್ಲ. ಬಾಯಿ ತುಂಬ ಹಲ್ಲಿದ್ದ ಅಕ್ಕ ಅಂದಿನಿಂದ ಹೆಲೊ ಎಂದಳು, ಹೆಲ್ಕಾತ ಎಂದಳು. ತಮ್ಮ ಬಾಯಿ ತೆರೆದ. ಅವನಿಗೆ ಹೊಸ ಹಲ್ಲು ಬಂದು, ಈಗ ಸರಿಯಾಗಿ ಸೆಲೊ ಅನ್ನಬಲ್ಲೆ ಎಂದು ತೋರಿಸಹೋದಾಗ ಅಕ್ಕ ಒಪ್ಪಲಿಲ್ಲ. "ಹೋದ ಶಬ್ದ ಹಾಗೆಲ್ಲ ಕರೆದ ತಕ್ಷಣ ಬರಲ್ಲಪ್ಪ. ಅದು ಹೋಯ್ತು, ಹೋಯ್ತು." ಮುಂದೆ ಶಾಲೆಯಲ್ಲಿ ಮೇಷ್ಟರು, ಹಿಂದಿನವರು ಹಾಲಿಗೆ ಪಾಲ್ ಎನ್ನುತ್ತಿದ್ದರೆಂದು ಹೇಳಿಕೊಟ್ಟ ದಿನ ಅವಳು ಮನೆಗೆ ಓಡಿಬಂದಿದ್ದಳು: "ನಮ್ಮ ಭಾಷೇಲೂ ಹೀಗೇ ಆಗಿದೆಯಂತೆ ಕಣೋ! ಯಾವ ರಾಣಿಗೆ ತುಟಿ ಒಡೆದಿತ್ತೋ ಏನೋ!"

ಅಕ್ಕ ದೊಡ್ಡವಳಾಗಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಳು. ಊರಿನ ಮಾತನ್ನೆಲ್ಲ ಕಿವಿಯ ಮೇಲಿಂದ ದಾಟಿಸಿದಳು. ಮದುವೆಯಾದಳು, ಗಂಡನನ್ನು ಕಳೆದುಕೊಂಡಳು, ಮಗಳನ್ನು ಓದಿಸಿದಳು. ಆದರೆ ಭಾನುವಾರ ಬಂತೆಂದರೆ ತಮ್ಮನಿಗೆ ಫೋನು ತಪ್ಪುತ್ತಿರಲಿಲ್ಲ. ಮೊದಲು ಮನೆಯ ಮಾತು, ಮೊಣಕಾಲು ನೋವಿನ ಮಾತು. ಕೊನೆಗೆ ಹೊಗೆಯಾಚೆಯ ಮಾತು. ಫೋನಿಡುವ ಮೊದಲು ಇಬ್ಬರೂ ಹೇಳುತ್ತಿದ್ದುದು ಒಂದೇ: ಹೆಲ್ಕಾತ ವಾಮಿ. ಬಾಗಿಲು ತೆರೆದಿರಲಿ. ಆ ನಾಡಿನಲ್ಲಿ ಊರು ಬಿಟ್ಟು ಹೊರಡುವವರಿಗೆ ಹೀಗೆ ಹರಸುತ್ತಾರೆ.

ಹಿತ್ತಾಳೆ ಡಬ್ಬಿಯಿಂದ ಆವಿ ಬರುತ್ತಿತ್ತು. ಹಲ್ಲಪ್ಪನವರು ನಾಲಿಗೆಯ ತುದಿಯಿಂದ ತಮ್ಮ ಹಲ್ಲನ್ನು ಮುಟ್ಟಿ ನೋಡಿಕೊಂಡರು. ಅದೂ ಕಟ್ಟಿದ್ದೇ. ಅವರ ಸ್ವಂತ ಹಲ್ಲು ಕೈಕೊಟ್ಟಾಗ ಒಂದೇ ವಾರದಲ್ಲಿ ಹೊಸ ಸೆಟ್ಟು ತಯಾರಾಗಿತ್ತು. ಆಗ ಯಾವ ಗಿರಾಕಿಯೂ ಅಡ್ಡ ಬಂದಿರಲಿಲ್ಲ.

ಅಕ್ಕನ ಹಲ್ಲು ತೆಗೆಸಿದ ಮೇಲೂ ಭಾನುವಾರದ ಫೋನು ನಿಂತಿರಲಿಲ್ಲ. ನಿಂತದ್ದು ಬೇರೆ ಕಾರಣಕ್ಕೆ. ಅಂದು ಭಾನುವಾರವಾದರೂ ಕೆಲಸ ಮೇಲೆ ಬಿದ್ದು ಅಂಗಡಿ ತೆರೆದಿದ್ದರು. ಬೆಂಚಿನ ತುಂಬ ಗಿರಾಕಿಗಳು. ಫೋನು ಬಂತು. ಕೈಗೆ ಪ್ಲಾಸ್ಟರ್, ಗಿಲೀಟು ಸ್ಪೀಕರ್ ಒತ್ತಿದ. ಅಕ್ಕ ಅಂದು ಶುರುವಿನಲ್ಲೇ ಹೊಗೆಯಾಚೆಯ ಮಾತಿಗಿಳಿದಳು. ಹೊಸದೇನೋ ಹೇಳುವ ಹುರುಪು ದನಿಯಲ್ಲಿತ್ತು. ಬೋಳುಬಾಯಿಯ ಆ ಮೆತ್ತನೆ ಮಾತು ಅಂಗಡಿಯ ತುಂಬ ಹರಡಿತು.

"ಯಾವೂರಿನ ಗಿರಾಕಿ ಯಜಮಾನ್ರೇ ಇದು? ಸಮುದ್ರದಾಚೆಯಿಂದ್ಲೂ ಆರ್ಡರ್ ಬರೋಕೆ ಶುರುವಾಯ್ತಾ?" ಎಂದ ಗಿಲೀಟು. ಬೆಂಚು ನಕ್ಕಿತು.

ಹಲ್ಲಪ್ಪನವರ ಕಿವಿ ಕೆಂಪಾಯಿತು. ಅಕ್ಕ ಹೇಳಿದ್ದು ಅವರಿಗೆ ಒಂದೊಂದು ಮಾತೂ ತಿಳಿದಿತ್ತು. ತಿಳಿದೇ ಅವರು ಹೇಳಿದರು: "ಅಕ್ಕ, ಮೊದ್ಲು ಹಲ್ಲು ಹಾಕ್ಕೊಂಡು ಮಾತಾಡೇ! ಬಿಸಿ ಆಲೂಗೆಡ್ಡೆ ಬಾಯಲ್ಲಿಟ್ಕೊಂಡ ಹಾಗಿದೆ. ಒಂದಕ್ಷರ ತಿಳೀತಿಲ್ಲ."

ಬೆಂಚು ಇನ್ನೂ ಜೋರಾಗಿ ನಕ್ಕಿತು. ಅತ್ತ ಕಡೆಯಿಂದ ಅಕ್ಕ, ಎಲ್ಲರೂ ಆಡುವ ಮಾತಿನಲ್ಲೇ, "ಸರಿಯಪ್ಪ. ಕೆಲ್ಸ ನೋಡ್ಕೋ," ಎಂದು ಇಟ್ಟುಬಿಟ್ಟಳು.

ಮುಂದಿನ ಭಾನುವಾರ ಫೋನಿಲ್ಲ. ಅದರ ಮುಂದಿನದೂ ಇಲ್ಲ. ಇವರು ಮಾಡಬಹುದಿತ್ತು. ಬರಿಗೈಯಲ್ಲಿ ಹೇಗೆ ಮಾಡುವುದು, ಹಲ್ಲು ಮುಗಿಸಿ, ಹಿಡಿದುಕೊಂಡೇ ಹೋಗಿ ನಗಿಸಿಬಿಡೋಣ ಎಂದುಕೊಂಡರು. ಹಾಗಾದರೆ ಮುಗಿಸಬಾರದಿತ್ತೇ? ಅಳತೆ ನೋಡಲು ಅವಳನ್ನು ಅಂಗಡಿಗೆ ಕರೆಸಬೇಕು. ಕರೆಸಿದರೆ ಅವಳು ಕುರ್ಚಿಯಲ್ಲಿ ಕೂತು, ಗಿಲೀಟಿನ ಎದುರು, ಬೆಂಚಿನ ಎದುರು, ಆ ಮಾತೆತ್ತುತ್ತಾಳೆ. ಕೆಲಸದ ಒತ್ತಡವೆಂದು ಊರಿಗೆಲ್ಲ ಹೇಳಿದ್ದರ ಬುಡದಲ್ಲಿ ಇದ್ದದ್ದು ಇಷ್ಟೇ. ದೇವರಿಗೆ ಗೊತ್ತಿಲ್ಲದ್ದೇನಲ್ಲ, ಇಂದು ಅವರಿಗೂ ಗೊತ್ತಾಯಿತು.

ಡಬ್ಬಿ ಬಿಚ್ಚಿ, ಪ್ಲಾಸ್ಟರ್ ಒಡೆದು ಸೆಟ್ಟನ್ನು ತೆಗೆದಾಗ ಮಧ್ಯಾಹ್ನ ಕಳೆದಿತ್ತು. ಗಿಲೀಟು ತಾನಾಗಿ ಕೈಯೊಡ್ಡಿದ. ಉಜ್ಜಿದ, ತೊಳೆದ, ಬೆಳಕಿಗೆ ಹಿಡಿದು ಮತ್ತೆ ಉಜ್ಜಿದ. ಕೊನೆಗೆ, "ಅವತ್ತು ನಾನೇ ಶುರು ಮಾಡಿದ್ದು ಯಜಮಾನ್ರೇ," ಎಂದ.

"ನಿನಗೆ ಅವಳು ಯಾರೋ. ನನಗೆ ಅಕ್ಕ," ಎಂದು ಹಲ್ಲಪ್ಪನವರು ಸೆಟ್ಟನ್ನು ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡು ಹೊರಟರು.

ಅಕ್ಕನ ಮನೆ ಎರಡು ಬೀದಿ ಆಚೆ, ಮೆಟ್ಟಿಲು ಹತ್ತಿ ಹೋಗುವ ಮನೆ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಅಕ್ಕಪಕ್ಕದ ಮನೆಗಳಿಂದ ತಂದ, ಒಂದಕ್ಕೊಂದು ಹೊಂದದ ಕುರ್ಚಿಗಳು. ಟೆಲಿಫೋನ್ ಎಕ್ಸ್‌ಚೇಂಜಿನ ಹಳೆಯ ಗೆಳತಿಯರು ಗೋಡೆಗೊರಗಿ ಕೂತಿದ್ದರು. ನಡುವೆ ಅಕ್ಕ. ಬಿಳಿ ಬಟ್ಟೆ ಹೊದಿಸಿದ್ದರು. ಕೆನ್ನೆ ಒಳಕ್ಕೆ ಹೋಗಿ, ತುಟಿ ಮಡಿಚಿಕೊಂಡು, ಮಾತಿನ ನಡುವೆ ಎಲ್ಲೋ ನಿಂತವಳಂತೆ ಕಾಣುತ್ತಿದ್ದಳು.

ಹಲ್ಲಪ್ಪನವರು ಹೋಗಿ ಕಾಲಿನ ಬಳಿ ಕೂತರು. ಅಳು ಬರಲಿಲ್ಲ. ಅಕ್ಕನ ಮಗಳು ಬಂದು ಪಕ್ಕದಲ್ಲಿ ಕೂತು, "ಇಷ್ಟು ಹೊತ್ತು ಮಾಡಿದ್ರಲ್ಲ ಮಾವ," ಎಂದಳು. ಆಮೇಲೆ ನೆಲ ನೋಡಿ, "ಏನದು, ನೀರು?"

ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬಾಗಿಲಿನಿಂದ ಅವರು ಕೂತಲ್ಲಿಯವರೆಗೆ ಹನಿ ಸಾಲಾಗಿ ಬಿದ್ದಿತ್ತು. ಅದರ ಮೇಲೆ ಅವರದೇ ಹೆಜ್ಜೆ. ಹಲ್ಲಪ್ಪನವರು ಅದನ್ನೇ ನೋಡುತ್ತಾ ಕೂತರು.

"ಮಗಳೇ," ಎಂದರು ಕೊನೆಗೆ. "ಅಮ್ಮನ ಹಲ್ಲು ಮುಗಿಸಿಕೊಂಡು ಬಂದಿದೀನಿ. ತಪ್ಪು ತಿಳ್ಕೋಬೇಡ. ನನ್ನ ಕೈಯಾರೆ ಒಂದ್ಸಲ ಹಾಕ್ಬಿಡ್ತೀನಿ."

ಅವಳು ಡಬ್ಬಿಯನ್ನು ನೋಡಿದಳು, ಮಾವನ ಮುಖ ನೋಡಿದಳು. ದನಿ ತಗ್ಗಿಸಿ ಕೇಳಿದಳು: "ಅಮ್ಮ ಹಲ್ಲಿಗೆ ಕಾಯ್ತಿದ್ಲು ಅಂದ್ಕೊಂಡ್ರಾ ಮಾವ?"

"ಮತ್ತೆ?"

"ಹಲ್ಲಿನ ಮಾತೇ ಎತ್ತಿರ್ಲಿಲ್ಲ. ಅಡುಗೆಮನೇಲಿ ಕೂತ್ಕೊಂಡು ಒಬ್ಬಳೇ ಮಾತಾಡ್ಕೊಳ್ಳೋಳು. ನಿಮ್ಮಿಬ್ಬರ ಆ ಮಾತು. ಏನಮ್ಮ ಅಂದ್ರೆ, 'ಹೊಸ ಕಾಲ ಬಂದಿದೆ ಕಣೇ. ನಿಮ್ಮ ಮಾವಂಗೆ ಹಲ್ಲು ಬಿದ್ದಾಗ ಒಂದು ಶಬ್ದ ಹೋಗಿತ್ತು. ಈಗ ನಂದೂ ಬಿತ್ತು, ಇನ್ನೂ ಎರಡು ಮೂರು ಹೋದ್ವು. ತಕಾರ ಹೋಯ್ತು, ವಕಾರ ಹೋಯ್ತು, ಹಕಾರವೂ ಉದುರೋಯ್ತು. ಎಷ್ಟು ಮೆತ್ತಗಾಗಿದೆ ನೋಡು, ಮಗೂಗೆ ಹೇಳೋ ಹಾಗಿದೆ' ಅನ್ನೋಳು. ಹೆಲ್ಕಾತ ವಾಮಿ ಅಂತಿದ್ರಲ್ಲ ನೀವು? ಅದು ಎಲ್ಕಾಮಿ ಆಗಿದೆಯಂತೆ. ಅವತ್ತು ಫೋನ್ ಮಾಡಿದ್ದು ಅದನ್ನ ಹೇಳೋಕೇ."

ಎಲ್ಕಾಮಿ. ಅಂದು ಸ್ಪೀಕರಿನಿಂದ ಬಂದ ಮೊದಲ ಮಾತೇ ಅದು. ಅವರು ಆಗಲೇ ತಿಳಿದಿದ್ದರು.

"ಮತ್ತೆ ಯಾಕೆ ಮಾಡ್ಲಿಲ್ಲ?" ಎಂದು ಕೇಳಿದರು. ಉತ್ತರ ಬೇಡವಾಗಿತ್ತು, ಆದರೂ ಕೇಳಿದರು.

"ಪ್ರತಿ ಭಾನುವಾರ ಫೋನ್ ಕೈಗೆತ್ತಿಕೊಳ್ಳೋಳು ಮಾವ. ಎತ್ತಿ ಇಟ್ಟುಬಿಡೋಳು. 'ಅಂಗಡೀಲಿ ಜನ ಇರ್ತಾರೆ, ಅವನಿಗೆ ಅವಮಾನ ಆಗತ್ತೆ' ಅನ್ನೋಳು. 'ಅವನೇ ಬರ್ತಾನೆ ಬಿಡು, ಬಂದಾಗ ಹೇಳ್ತೀನಿ' ಅಂತ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ನಿಮ್ಮಿಷ್ಟ. ಹಲ್ಲು ನೀವು ಮಾಡಿದ್ದು, ಬಾಯಿ ಅಮ್ಮಂದು. ಹಾಕ್ಲೇಬೇಕು ಅನ್ಸಿದ್ರೆ ಹಾಕಿ. ನಾನು ಬೇಡ ಅನ್ನಲ್ಲ."

ಹಲ್ಲಪ್ಪನವರು ಡಬ್ಬಿ ತೆರೆದರು. ನೀರಿನೊಳಗೆ ಅಕ್ಕನ ಹಲ್ಲು ಹೊಳೆಯುತ್ತಿತ್ತು. ಅವರು ಕಟ್ಟಿದ ಸೆಟ್ಟುಗಳಲ್ಲೆಲ್ಲ ಇಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಸಕಾರಕ್ಕೆ ಬೇಕಾದ ಸಂದು, ವಕಾರಕ್ಕೆ ಕೆಳದುಟಿಯನ್ನು ತಾಗುವ ಅಂಚು, ತಕಾರಕ್ಕೆ ನಾಲಿಗೆ ಬಡಿಯುವ ಬೆನ್ನು, ಎಲ್ಲವೂ ಇದ್ದವು. ಅವಳು ಬಿಟ್ಟುಕೊಟ್ಟ ಶಬ್ದಗಳೆಲ್ಲ ಇದರಲ್ಲಿದ್ದವು. ಅವಳಿಗೆ ಬೇಕಾದದ್ದು ಮಾತ್ರ ಇರಲಿಲ್ಲ. ಇದನ್ನು ಅವಳ ಬಾಯಿಗಿಟ್ಟರೆ ಯಾರಿಗೆ ನೆಮ್ಮದಿ? ತನ್ನ ತಪ್ಪನ್ನು ತೆಗೆದು ಅಕ್ಕನ ಬಾಯಿಗೆ ತುರುಕಿ, ಮುಚ್ಚಿ, ಕಳಿಸಿದಂತಾಗುವುದಿಲ್ಲವೇ? ಹಲ್ಲಿಲ್ಲದ ತಮ್ಮನಿಗಾಗಿ ಒಂದು ನಾಡಿನ ನುಡಿಯನ್ನೇ ಬದಲಿಸಿದವಳು ಅವಳು. ಹಲ್ಲಿಲ್ಲದ ಅಕ್ಕನಿಗಾಗಿ ತಾನು ಒಂದು ಫೋನಿನ ಸ್ಪೀಕರನ್ನೂ ಆರಿಸಲಿಲ್ಲ.

ಮುಚ್ಚಳ ಹಾಕಿ ಡಬ್ಬಿಯನ್ನು ಚೀಲದೊಳಗಿಟ್ಟರು.

ಆಮೇಲೆ ಅವರು ಮಾಡಿದ್ದನ್ನು ಅಲ್ಲಿದ್ದವರು ಬಹಳ ದಿನ ಆಡಿಕೊಂಡರು. ಕರವಸ್ತ್ರ ಹಾಸಿ, ಬಾಯಿಗೆ ಬೆರಳಿಟ್ಟು, ಎಲ್ಲರೆದುರಿಗೆ, ತಮ್ಮ ಹಲ್ಲಿನ ಸೆಟ್ಟನ್ನು ಮೇಲಿನದು ಕೆಳಗಿನದು ಎರಡನ್ನೂ ತೆಗೆದಿಟ್ಟರು. ಎಕ್ಸ್‌ಚೇಂಜಿನ ಗೆಳತಿಯೊಬ್ಬಳು "ಅಯ್ಯೋ" ಎಂದಳು. ಮೂಲೆಯಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ನಗಲಿ ಎಂದುಕೊಂಡರು ಹಲ್ಲಪ್ಪನವರು. ಅವರ ಕೆನ್ನೆಯೂ ಒಳಕ್ಕೆ ಹೋಯಿತು, ತುಟಿ ಮಡಿಚಿಕೊಂಡಿತು. ಅಕ್ಕ ತಮ್ಮ ಇಬ್ಬರ ಮುಖವೂ ಒಂದೇ ಎಂದು ಅಕ್ಕನ ಮಗಳಿಗೆ ಆಗ ಮೊದಲ ಬಾರಿ ಕಂಡಿತು.

ಅವರು ಅಕ್ಕನ ಕಿವಿಯ ಹತ್ತಿರ ಬಗ್ಗಿದರು. ಹೇಳಿದರು: "ನುಕ್ಕೆ, ಅಕ್ಕ. ನಂದೇ ನುಕ್ಕೆ." ಆ ಮಾತಿಗೆ ಹಲ್ಲೇ ಬೇಕಿರಲಿಲ್ಲ; ಸವೆಯದೆ ಇದ್ದ ಹಾಗೇ ಬಂತು.

ಹೊರುವವರು ಮೆಟ್ಟಿಲು ಹತ್ತಿ ಬರುತ್ತಿದ್ದ ಸದ್ದು ಕೇಳಿಸಿತು. ಹಲ್ಲಪ್ಪನವರು ಕೈಮುಗಿದರು. ಬೋಳುಬಾಯಲ್ಲಿ, ಅರ್ಧ ಎಲ್ಲರ ಮಾತಿನಲ್ಲಿ, ಅರ್ಧ ಅಕ್ಕನ ಮಾತಿನಲ್ಲಿ, ಕೋಣೆಗೆಲ್ಲ ಕೇಳುವಂತೆ ಬೇಡಿಕೊಂಡರು:

"ದೇವರೇ, ನನ್ನಕ್ಕ ನಿನ್ನ ಹತ್ರ ಬರ್ತಾ ಇದಾಳೆ. ಅವಳು ಬಂದು ಏನಾದ್ರೂ ಹೇಳಿದ್ರೆ ನಗಬೇಡ. ತಿಳಿದೂ ತಿಳೀಲಿಲ್ಲ ಅನ್ನಬೇಡ. ಅದನ್ನ ನಾನು ಮಾಡಿದೀನಿ, ಅದರ ಲೆಕ್ಕ ನನ್ನ ಹತ್ರ ಕೇಳು. ಅವಳನ್ನ ಕೂರಿಸಿಕೊಂಡು ಪೂರ್ತಿ ಕೇಳಿಸ್ಕೋ. ಹೊಸ ಮಾತಿದ್ರೆ ಕಲ್ತುಕೋ. ಅವಳ ಜೀವ ತಣ್ಣಗಿರಲಿ. ಅವಳು ಹೋಗೋ ದಾರೀಲಿ ಯಾವ ಬಾಗಿಲೂ ಮುಚ್ಚದೆ ಇರಲಿ. ಎಲ್ಕಾಮಿ, ಅಕ್ಕ. ಎಲ್ಕಾಮಿ."